ನಿಮಗಿದು ಗೊತ್ತೆ? ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ

ಮಂಗಳೂರಿನ ಮಳೆಗಾಲದಲ್ಲಿ ಬೆಳ್ಳಿಯ ಕಾಲ್ಗೆಜ್ಜೆ, ಕಾಲುಂಗುರ ಬೇಗ ಕಪ್ಪಾಗುತ್ತವೆ. ಗಾಳಿಯಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯೊಂದಿಗೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ತೆಳು ಪದರ ಕಟ್ಟುತ್ತವೆ. ಕರಾವಳಿಯ ತೇವ ಅದಕ್ಕೆ ವೇಗ ಕೊಡುತ್ತದೆ. ಒರಟಾಗಿ ತಿಕ್ಕಿದರೆ ಪದರದ ಜೊತೆ ಬೆಳ್ಳಿಯೂ ಸವೆಯುತ್ತದೆ. ಅದರ ಬದಲು ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಕುದಿನೀರು ಸುರಿದು, ಅಡುಗೆ ಸೋಡಾ ಬೆರೆಸಿ, ಒಡವೆ ಹಾಳೆಗೆ ತಾಗುವಂತೆ ಕೆಲವು ನಿಮಿಷ ಮುಳುಗಿಸಿಡಿ. ಗಂಧಕವನ್ನು ಅಲ್ಯೂಮಿನಿಯಂ ಸೆಳೆದುಕೊಳ್ಳುತ್ತದೆ, ಬೆಳ್ಳಿ ಒಡವೆಯಲ್ಲೇ ಉಳಿಯುತ್ತದೆ. ಎಷ್ಟು ಸೊಗಸಾದ ರಸಾಯನಶಾಸ್ತ್ರ! ಆದರೆ ಮುತ್ತು, ಹವಳ ಕೂರಿಸಿದ ಒಡವೆಗೆ ಇದು ಬೇಡವೇ ಬೇಡ. ಬೇಕೆಂದೇ ಕಪ್ಪು ಹಿಡಿಸಿದ ಆಕ್ಸಿಡೈಸ್ಡ್ ಆಭರಣಕ್ಕೂ ಬೇಡ, ಅದರ ಅಂದವೇ ಹೋದೀತು. ತೊಳೆದ ಒಡವೆಯನ್ನು ಚೆನ್ನಾಗಿ ಒರೆಸಿ, ಗಾಳಿಯಾಡದ ಚೀಲದಲ್ಲಿಡಿ. ರಬ್ಬರ್ ಬ್ಯಾಂಡಿನಲ್ಲೂ ಗಂಧಕವಿರುತ್ತದೆ, ಅದನ್ನು ಬೆಳ್ಳಿಗೆ ಸುತ್ತಬೇಡಿ.