ವರ್ಷಕ್ಕೊಂದು ಕೈ ಸುಣ್ಣ

ನವೆಂಬರ್ ಒಂದರಂದು ನಮ್ಮಲ್ಲಿ ಹಳದಿ-ಕೆಂಪು ಬಾವುಟ ಏರುತ್ತದೆ. ಅದೇ ದಿನ ಅಮೆರಿಕದ ಲೂಸಿಯಾನಾ ರಾಜ್ಯದ ನ್ಯೂ ಆರ್ಲಿಯನ್ಸ್‌ನಲ್ಲಿ ಜನ ಸೇವಂತಿಗೆ ಹಿಡಿದು ಸ್ಮಶಾನಕ್ಕೆ ಹೋಗುತ್ತಾರೆ. ಕ್ಯಾಥೊಲಿಕರ ಸಕಲ ಸಂತರ ಹಬ್ಬ ಅದು. ಆ ಊರಿನ ಹಳೆಯ ಫ್ರೆಂಚ್ ಮನೆಗಳಲ್ಲಿ ಅದಕ್ಕೆ ‘ಲಾ ತೂಸ್ಸಾಂ’ ಎಂದು ಹೆಸರು. ದೇವರಿಗೂ ಜಡೆಗೂ ಸೇವಂತಿಗೆ ಏರಿಸುವ ನಮಗೆ ಆ ಹೂವನ್ನು ಗೋರಿಯ ಮೇಲೆ ಕಾಣುವುದು ಕೊಂಚ ಇರುಸುಮುರುಸಿನ ಸಂಗತಿಯೇ. ಆದರೆ ಹೂವಿಡುವುದು ಹಬ್ಬದ ಕೊನೆಯ ಕೆಲಸ. ಅದಕ್ಕೂ ಮುಂಚೆ ಕಳೆ ಕೀಳಬೇಕು, ಬಿರುಕಿಗೆ ಗಾರೆ ಮೆತ್ತಬೇಕು, ಇಡೀ ಗೋರಿಗೆ ಸುಣ್ಣ ಹೊಡೆಯಬೇಕು. ಇನ್ನೂರು ವರ್ಷದಿಂದ ಆ ಊರಿನ ಸತ್ತವರನ್ನು ಕಾಪಾಡಿದ್ದು ಹೂವಲ್ಲ, ಪ್ರಾರ್ಥನೆಯೂ ಅಲ್ಲ, ಈ ಸುಣ್ಣ.

ನ್ಯೂ ಆರ್ಲಿಯನ್ಸ್‌ನ ಹಳೆಯ ಗೋರಿಗಳು ನೆಲದ ಮೇಲಿವೆ. ಇಟ್ಟಿಗೆಯಲ್ಲಿ ಕಟ್ಟಿ, ಗಾರೆ ಹಾಕಿ, ಮೇಲೊಂದು ಇಳಿಜಾರು ಚಾವಣಿ ಕೂರಿಸಿದ ಪುಟ್ಟ ಮನೆಗಳು. ನಡುವೆ ಓಣಿ, ಕೆಲವಕ್ಕೆ ಕಬ್ಬಿಣದ ಗೇಟು. ಇಲ್ಲಿ ನೆಲ ಅಗೆದರೆ ನೀರು ಬರುತ್ತದೆ, ಹೂತ ಪೆಟ್ಟಿಗೆ ತೇಲಿ ಮೇಲೇಳುತ್ತದೆ, ಅದಕ್ಕೇ ಹೀಗೆ ಎಂದು ಪ್ರವಾಸಿಗರಿಗೆ ಹೇಳುವ ಕಥೆಯೊಂದಿದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1718ರಲ್ಲಿ ಫ್ರೆಂಚರು ಊರು ಕಟ್ಟಿದ ಮೇಲೆ ದಶಕಗಟ್ಟಲೆ ಅಲ್ಲಿ ಹೆಣವನ್ನು ಮಣ್ಣಿನಲ್ಲೇ ಹೂಳುತ್ತಿದ್ದರು. ಈಗಲೂ ಹೂಳುವ ಸ್ಮಶಾನಗಳು ಅದೇ ಊರಿನಲ್ಲಿವೆ. ನೆಲದ ಮೇಲಿನ ಗೋರಿ ಬಂದದ್ದು ನೀರಿನ ಭಯದಷ್ಟೇ ಫ್ರಾನ್ಸ್, ಸ್ಪೇನ್ ದೇಶಗಳ ರೂಢಿಯಿಂದ.

1788ರ ಶುಭ ಶುಕ್ರವಾರ ಬಿದ್ದ ಬೆಂಕಿಯಲ್ಲಿ ಊರಿನ 856 ಕಟ್ಟಡಗಳು ಸುಟ್ಟುಹೋದವು. ಆಗ ಊರು ಸ್ಪೇನಿನ ಕೈಯಲ್ಲಿತ್ತು. ಹಳೆಯ ಸ್ಮಶಾನ ತುಂಬಿತ್ತು, ರೋಗದ ಅಂಜಿಕೆಯೂ ಇತ್ತು. ಹಾಗಾಗಿ 1789ರಲ್ಲಿ ಊರ ಹೊರಗೆ ಹೊಸ ಜಾಗ ಗೊತ್ತುಮಾಡಿದರು. ಅದೇ ಇಂದಿನ ಸೇಂಟ್ ಲೂಯಿಸ್ ಒಂದನೇ ನಂಬರಿನ ಸ್ಮಶಾನ. ಊರು ಬೆಳೆದು ಅದನ್ನು ನುಂಗಿತು. ಈಗ ಅದು ಪೇಟೆಯ ನಡುವೆ ಇದೆ. ಬರೀ ಒಂದು ಬೀದಿ ಚೌಕದಷ್ಟು ಜಾಗ, ಏಳುನೂರಕ್ಕೂ ಹೆಚ್ಚು ಗೋರಿ. ಲೂಸಿಯಾನಾದ ಸಕ್ಕರೆ ಉದ್ಯಮಕ್ಕೆ ದಾರಿ ಹಾಕಿದ, ಊರಿನ ಮೊದಲ ಮೇಯರ್ ಎತ್ಯೆನ್ ದ ಬೊರೆ ಇಲ್ಲಿದ್ದಾನೆ. ಚದುರಂಗದ ಮೇಧಾವಿ ಪಾಲ್ ಮಾರ್ಫಿ ಇಲ್ಲಿದ್ದಾನೆ. ಬಿಳಿಯರ ರೈಲು ಡಬ್ಬಿಯಲ್ಲಿ ಕುಳಿತು ಬಂಧನಕ್ಕೊಳಗಾಗಿ, 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸೋತ ಹೋಮರ್ ಪ್ಲೆಸ್ಸಿಯೂ ಇಲ್ಲೇ. 1925ರಲ್ಲಿ ತೀರಿಕೊಂಡ ಅವನಿಗೆ ರಾಜ್ಯದ ಕ್ಷಮಾದಾನ ಸಿಕ್ಕಿದ್ದು 2022ರಲ್ಲಿ.

ಇಷ್ಟು ಸಣ್ಣ ಜಾಗದಲ್ಲಿ ಸಾವಿರ ಸಾವಿರ ಜನ ಹಿಡಿಸಿದ್ದು ಹೇಗೆ? ‘ಒಂದು ವರ್ಷ ಒಂದು ದಿನ’ ಎಂಬ ಕಟ್ಟಳೆಯಿಂದ. ಒಂದು ಗೋರಿ ಒಬ್ಬರದಲ್ಲ, ಒಂದು ಮನೆತನದ್ದು. ಪೆಟ್ಟಿಗೆಯನ್ನು ಗೂಡಿನೊಳಗೆ ತಳ್ಳಿ, ಬಾಯಿಗೆ ಇಟ್ಟಿಗೆ ಕಟ್ಟಿ, ಗಾರೆ ಬಳಿದು, ಮುಂದೆ ಹೆಸರು ಕೆತ್ತಿದ ಅಮೃತಶಿಲೆಯ ಹಲಗೆ ನಿಲ್ಲಿಸುತ್ತಾರೆ. ಅಲ್ಲಿನ ಬೇಸಗೆಗೆ ಆ ಇಟ್ಟಿಗೆಯ ಗೂಡು ಕುಲುಮೆಯಂತೆ ಕಾಯುತ್ತದೆ. ದೇಹ ಬೇಗ ಕರಗುತ್ತದೆ. ವರ್ಷ ಕಳೆದು ಒಂದು ದಿನವೂ ಆದ ಮೇಲೆ, ಮನೆಯಲ್ಲಿ ಮತ್ತೊಂದು ಸಾವಾದರೆ ಇಟ್ಟಿಗೆ ಬಿಚ್ಚುತ್ತಾರೆ. ಪೆಟ್ಟಿಗೆಯ ಚೂರುಗಳನ್ನು ಹೊರಹಾಕಿ, ಮೂಳೆಗಳನ್ನು ಹಿಂದಕ್ಕೆ ಸರಿಸುತ್ತಾರೆ ಅಥವಾ ಕೆಳಗಿನ ಕುಳಿಗೆ ಇಳಿಸುತ್ತಾರೆ. ಅಜ್ಜಿ, ಅಪ್ಪ, ಹಸುಗೂಸು ಎಲ್ಲರ ಮೂಳೆಯೂ ಒಂದೇ ಕುಳಿಯಲ್ಲಿ ಬೆರೆಯುತ್ತವೆ. ವರ್ಷ ತುಂಬುವ ಮುಂಚೆಯೇ ಇನ್ನೊಬ್ಬರು ತೀರಿಕೊಂಡರೆ? ಸ್ಮಶಾನದ ಸುತ್ತುಗೋಡೆಯಲ್ಲಿ ಸಾಲಾಗಿ ಇರುವ ಗೂಡುಗಳಲ್ಲಿ ಒಂದನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಬ್ರೆಡ್ ಸುಡುವ ಗೂಡಿನಂತೆ ಕಮಾನಿನ ಬಾಯಿ ಇರುವುದರಿಂದ ಅವಕ್ಕೆ ‘ಓವನ್’ ಎಂದೇ ಹೆಸರು ಬಿದ್ದಿದೆ. 1853ರ ಒಂದೇ ಬೇಸಗೆಯಲ್ಲಿ ಹಳದಿ ಜ್ವರ ಸುಮಾರು 8,000 ಜನರನ್ನು ಕೊಂದ ಊರಿದು. ಸಾವಿನ ವಿಷಯದಲ್ಲಿ ಇಂಥ ಲೆಕ್ಕಾಚಾರ ಅವರಿಗೆ ಅನಿವಾರ್ಯವಾಗಿತ್ತು.

ಗೋರಿ ಕಟ್ಟುವವರಲ್ಲಿ ಹೆಸರಾಂತರೂ ಇದ್ದರು. 1830ರ ದಶಕದಲ್ಲಿ ಫ್ರಾನ್ಸಿನಿಂದ ಬಂದ ವಾಸ್ತುಶಿಲ್ಪಿ ಜಾಕ್ ನಿಕೊಲಾ ಬುಸಿಯೆರ್ ದ ಪುಯಿ, ಪ್ಯಾರಿಸ್ಸಿನ ಪೆರ್ ಲಾಶೇಸ್ ಸ್ಮಶಾನದ ಮಾದರಿಗಳನ್ನು ತಂದು, ಗ್ರೀಕ್ ಗುಡಿಯಂಥ, ಈಜಿಪ್ಟಿನ ಬಾಗಿಲಿನಂಥ ಗೋರಿಗಳ ನಕ್ಷೆ ಹಾಕಿಕೊಟ್ಟ. ಕಲ್ಲು ಕೆತ್ತಿದವರಲ್ಲಿ ಫ್ಲೋರ್ವಿಲ್ ಫಾಯ್ ಎಂಬವನ ಹೆಸರು ದೊಡ್ಡದು. ತಂದೆ ಫ್ರೆಂಚ್ ಶಿಲ್ಪಿ. ಇವನು ಗುಲಾಮಗಿರಿಯ ಕಾಲದಲ್ಲೇ ಸ್ವತಂತ್ರನಾಗಿದ್ದ ಕಪ್ಪು ಸಮುದಾಯದವನು. ಊರಿನ ಸಿರಿವಂತ ಬಿಳಿಯರ ಗೋರಿಗಳ ಮೇಲೂ ಅಮೃತಶಿಲೆಯ ಮೂಲೆಯಲ್ಲಿ ಇವನ ಅಂಕಿತ ಕಾಣಸಿಗುತ್ತದೆ. ಇನ್ನು ದ ಪುಯಿಯನ್ನೇ ಮಲಗಿಸಿದ್ದು ಅವನ ನಕ್ಷೆಯ ಗುಡಿಗೋರಿಯಲ್ಲಲ್ಲ, ಸೇಂಟ್ ಲೂಯಿಸ್ ಎರಡನೇ ನಂಬರಿನ ಸ್ಮಶಾನದ ಗೋಡೆಗೂಡಿನಲ್ಲಿ. ಆ ಗೋಡೆಯ ವಿಷಯ ಮುಂದೆ ಬರುತ್ತದೆ.

ಈಗ ಸುಣ್ಣ. ಅಲ್ಲಿನ ಹಳೆಯ ಇಟ್ಟಿಗೆ ನದಿಯ ಮಣ್ಣಿನದು. ಮೆತ್ತಗೆ, ನೀರು ಹೀರುವಂಥದ್ದು. ಗಾರೆ ಸುಣ್ಣ-ಮರಳಿನದು. ಬುಡದಿಂದ ತೇವ ಏರುತ್ತದೆ, ಮೇಲಿಂದ ಮಳೆ. ಬಂದ ತೇವ ಹೊರಗೆ ಹೋಗಲೇಬೇಕು. ಸುಣ್ಣದ ಗಾರೆ ಅದನ್ನು ಹೋಗಗೊಡುತ್ತದೆ. ಅದರ ಮೇಲೆ ವರ್ಷ ವರ್ಷ ಬಳಿಯುವ ತೆಳು ಸುಣ್ಣವೂ ಹಾಗೆಯೇ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ, ಕೆನೆಯಂತಾಗುವವರೆಗೆ ಇಟ್ಟು, ತೆಳ್ಳಗೆ ಕಲಸಿ, ಗೋಡೆ ಒದ್ದೆ ಮಾಡಿ ಬಳಿಯುತ್ತಾರೆ. ದಪ್ಪ ಬಳಿದರೆ ಉದುರುತ್ತದೆ. ಬಳಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲಾಗುತ್ತದೆ. ಕೂದಲೆಳೆಯಂಥ ಬಿರುಕುಗಳನ್ನು ತಾನೇ ಮುಚ್ಚುತ್ತದೆ, ಪಾಚಿಯನ್ನು ತಡೆಯುತ್ತದೆ. ಮಳೆಗೆ ಸವೆಯುವುದು ಸುಣ್ಣ, ಒಳಗಿನ ಇಟ್ಟಿಗೆಯಲ್ಲ. ಸವೆದದ್ದಕ್ಕೆ ಮುಂದಿನ ಅಕ್ಟೋಬರಿನಲ್ಲಿ ಮತ್ತೊಂದು ಕೈ. ಹಬ್ಬ ಬಂತೆಂದು ಮಾಡಿದ ಅಲಂಕಾರ, ಯಾರೂ ಹಾಗೆಂದು ಹೇಳದಿದ್ದರೂ, ರಿಪೇರಿಯೇ ಆಗಿತ್ತು. ಬಿಳಿ ಮಾತ್ರ ಅಂತಲೂ ಇಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂರಕ್ಷಣಾ ತಜ್ಞರು ಹಳೆಯ ಗಾರೆಯ ಪದರಗಳನ್ನು ಪರೀಕ್ಷಿಸಿದಾಗ ಕಾವಿ, ಹಳದಿಯಂಥ ಬಣ್ಣದ ಸುಣ್ಣವೂ ಸಿಕ್ಕಿತು. ‘ಸತ್ತವರ ಬಿಳಿ ನಗರ’ ಎಂಬ ಪೋಸ್ಟ್‌ಕಾರ್ಡಿನ ಚಿತ್ರ ಪೂರ್ತಿ ನಿಜವಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ನವೆಂಬರ್ ಒಂದು ಅಲ್ಲಿ ಜಾತ್ರೆ. ಗೇಟಿನ ಬಳಿ ಅನಾಥಾಲಯದ ಮಕ್ಕಳನ್ನು ಕೂರಿಸಿಕೊಂಡು ಸನ್ಯಾಸಿನಿಯರು ಕಾಣಿಕೆಯ ತಟ್ಟೆ ಹಿಡಿಯುತ್ತಿದ್ದರು. ಗಂಬೊ ಸಾರು, ಪ್ರಲೀನ್ ಮಿಠಾಯಿ ಮಾರುವವರು ಹೊರಗೆ ಸಾಲುಗಟ್ಟುತ್ತಿದ್ದರು. ಪಾದ್ರಿ ಗೋರಿಗಳ ಮೇಲೆ ತೀರ್ಥ ಚಿಮುಕಿಸಿ ಆಶೀರ್ವದಿಸುತ್ತಿದ್ದರು. ಅದು ಈಗಲೂ ಇದೆ. ಮರುದಿನದ ಪತ್ರಿಕೆಯಲ್ಲಿ ಯಾರ ಗೋರಿ ಹೇಗೆ ಸಿಂಗಾರಗೊಂಡಿತ್ತು ಎಂಬ ವರದಿ. ಹೂವು ಬಾಡುತ್ತದೆಂದು ಕಪ್ಪು ಬಟ್ಟೆ, ತಂತಿ, ಗಾಜಿನ ಮಣಿಗಳಲ್ಲಿ ಮಾಡಿದ ‘ಇಮಾರ್ಟೆಲ್’ ಎಂಬ ಮಾಲೆಯನ್ನೂ ನೇತುಹಾಕುತ್ತಿದ್ದರು. 1883ರಲ್ಲಿ ಪ್ರಕಟವಾದ ‘ಲೈಫ್ ಆನ್ ದಿ ಮಿಸಿಸಿಪ್ಪಿ’ಯಲ್ಲಿ ಮಾರ್ಕ್ ಟ್ವೇನ್ ಗೋರಿಗಳ ಅಚ್ಚುಕಟ್ಟನ್ನು ಮೆಚ್ಚಿ, ಈ ಮಾಲೆಗಳನ್ನು ಮಾತ್ರ ಚೆನ್ನಾಗಿ ಗೇಲಿ ಮಾಡಿದ್ದಾನೆ. ಒಮ್ಮೆ ನೇತುಹಾಕಿದರೆ ಮುಗಿಯಿತು, ದುಃಖಿಸುವ ಕೆಲಸವನ್ನು ಮಾಲೆಯೇ ನೋಡಿಕೊಳ್ಳುತ್ತದೆ ಎಂಬುದು ಅವನ ಕುಹಕ. ಹೂಳುವುದನ್ನೇ ಬಿಟ್ಟು ಸುಡಿ ಎಂದೂ ಅಲ್ಲೇ ವಾದಿಸಿದ. ನಮ್ಮವರಲ್ಲಿ ಅನೇಕರು ತಲೆದೂಗುವ ಮಾತು. ಅಲ್ಲಿ ಯಾರೂ ಕೇಳಲಿಲ್ಲ.

ಆದರೆ ಮಾಲೆಯ ಬಗ್ಗೆ ಅವನು ಹೇಳಿದ್ದರಲ್ಲಿ ಹುರುಳಿತ್ತು. ಒಮ್ಮೆ ಮಾಡಿ ಮರೆತುಬಿಡುವ ಏರ್ಪಾಡೇ ಮುಂದೆ ಈ ಸ್ಮಶಾನಗಳಿಗೆ ಮುಳುವಾಯಿತು.

ಇಪ್ಪತ್ತನೇ ಶತಮಾನದಲ್ಲಿ ಮನೆತನಗಳು ಚದುರಿದವು. ಕೆಲವರು ಹೊರವಲಯದ ಬಡಾವಣೆಗೆ, ಕೆಲವರು ಬೇರೆ ರಾಜ್ಯಕ್ಕೆ, ಕೆಲವು ವಂಶಗಳು ಅಲ್ಲಿಗೇ ನಿಂತುಹೋದವು. ಸುಣ್ಣ ಕಾಣದ ಗೋರಿಯ ಬಿರುಕಿನಲ್ಲಿ ಜರೀಗಿಡ ಹುಟ್ಟಿತು, ಅಂಜೂರದ ಸಸಿ ಬೇರು ಬಿಟ್ಟಿತು, ಚಾವಣಿ ಕುಸಿಯಿತು. ಪ್ರೊಟೆಸ್ಟೆಂಟರ ಗಿರೋದ್ ಬೀದಿಯ ಸ್ಮಶಾನದ ಗತಿ ನೋಡಿ. 1822ರಲ್ಲಿ ಆರಂಭವಾದ ಅದು ಹಾಳುಬಿದ್ದು, 1957ರಲ್ಲಿ ಅದರ ಪವಿತ್ರ ಸ್ಥಾನವನ್ನೇ ವಿಧಿವತ್ತಾಗಿ ತೆಗೆದುಹಾಕಿದರು. ಅಸ್ಥಿಗಳನ್ನು ಸಾಗಿಸುವಾಗಲೂ ಬಿಳಿಯರದು ಒಂದು ಕಡೆಗೆ, ಕಪ್ಪು ಜನರದು ಇನ್ನೊಂದು ಕಡೆಗೆ! ಆ ಜಾಗದ ಆಸುಪಾಸಿನಲ್ಲೇ ಈಗ ಸೂಪರ್‌ಡೋಮ್ ಕ್ರೀಡಾಂಗಣ ನಿಂತಿದೆ.

1974ರಲ್ಲಿ ಸೇಂಟ್ ಲೂಯಿಸ್ ಎರಡನೇ ನಂಬರಿನ ಸರದಿ ಬಂತು. ಅದರ ಸುತ್ತುಗೋಡೆಯ ಗೂಡುಗಳು ಶಿಥಿಲವಾಗಿವೆ, ಕೆಡವಿಬಿಡೋಣ ಎಂದು ಸ್ಮಶಾನದ ಒಡೆತನದ ಕ್ಯಾಥೊಲಿಕ್ ಆರ್ಚ್‌ಡಯಾಸಿಸ್ (ಮಹಾಧರ್ಮಪ್ರಾಂತ) ಯೋಚಿಸಿತು. ದ ಪುಯಿ ಮಲಗಿದ ಬಗೆಯ ಗೂಡುಗಳೇ ಅವು. ಊರಿನ ಹಳೆಯ ಕಟ್ಟಡಗಳ ಇತಿಹಾಸ ಬರೆಯುತ್ತಿದ್ದ ಮೇರಿ ಲೂಯಿಸ್ ಕ್ರಿಸ್ಟೊವಿಚ್ ಮುಂದಾಳತ್ವದಲ್ಲಿ ಕೆಲವರು ಒಟ್ಟುಗೂಡಿ ‘ಸೇವ್ ಅವರ್ ಸಿಮೆಟರೀಸ್’ ಎಂಬ ಸಂಸ್ಥೆ ಕಟ್ಟಿದರು. ಗೋಡೆ ಉಳಿಯಿತು. ಮರುವರ್ಷ ಒಂದು, ಎರಡನೇ ನಂಬರಿನ ಸ್ಮಶಾನಗಳೆರಡೂ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದವು. ಅಂದಿನಿಂದ ಈ ಸಂಸ್ಥೆ ಜನರಿಗೆ ಸ್ಮಶಾನಗಳನ್ನು ತೋರಿಸಿ, ಹಣ ಕೂಡಿಸಿ, ವಾರಸುದಾರರಿಲ್ಲದ ಗೋರಿಗಳನ್ನು ದುರಸ್ತಿ ಮಾಡಿಸಿದೆ.

ಹಣ ಸಿಕ್ಕರೂ ಕೆಲಸ ಸುಲಭವಲ್ಲ. ಗೋರಿ ಖಾಸಗಿ ಆಸ್ತಿ. ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದದ್ದು. ಐದಾರು ತಲೆಮಾರು ದಾಟಿದ ಮೇಲೆ ಪಾಲುದಾರರು ಎಷ್ಟು, ಎಲ್ಲಿದ್ದಾರೆ? ಪಹಣಿಯಲ್ಲಿ ಮುತ್ತಾತನ ಹೆಸರೇ ಉಳಿದ ಜಮೀನಿನ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಪ್ಪಿಗೆಯಿಲ್ಲದೆ ಮುಟ್ಟಿದರೆ ತಕರಾರು, ಮುಟ್ಟದಿದ್ದರೆ ಗೋಡೆ ಬೀಳುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಸದುದ್ದೇಶದ್ದು. ವರ್ಷ ವರ್ಷ ಸುಣ್ಣ ಹೊಡೆಯುವ ತಾಪತ್ರಯವೇ ಬೇಡವೆಂದು ಅನೇಕ ಮನೆತನಗಳು ಸಿಮೆಂಟು ಗಿಲಾಯಿ ಮಾಡಿಸಿ, ಮೇಲೆ ಪ್ಲಾಸ್ಟಿಕ್ ಅಂಶದ ಪೇಂಟು ಹೊಡೆಸಿದವು. ಹೊರಗಿನಿಂದ ನೋಡಲು ಗಟ್ಟಿಮುಟ್ಟು. ಆದರೆ ಒಳಗಿನ ತೇವಕ್ಕೆ ಹೊರದಾರಿ ಮುಚ್ಚಿಹೋಯಿತು. ಉಪ್ಪು ಕಟ್ಟಿ, ಮೆತ್ತನೆಯ ಇಟ್ಟಿಗೆ ಸಿಮೆಂಟಿನ ಚಿಪ್ಪಿನೊಳಗೇ ಪುಡಿಯಾಗುತ್ತದೆ. ಒಂದು ದಿನ ಚಿಪ್ಪು ಹಲಗೆ ಹಲಗೆಯಾಗಿ ಕಳಚಿ, ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬೀಳುತ್ತದೆ. ಸುಮ್ಮನೆ ಬಿಟ್ಟ ಗೋರಿಗಿಂತ ಹೀಗೆ ರಿಪೇರಿಯಾದ ಗೋರಿಯೇ ಕೆಲವೊಮ್ಮೆ ಬೇಗ ಸಾಯುತ್ತದೆ. ಸಂರಕ್ಷಕರ ಅರ್ಧ ಶ್ರಮ ಈ ಸಿಮೆಂಟನ್ನು ಬಿಡಿಸುವುದರಲ್ಲೇ ಹೋಗುತ್ತದೆ.

ಪ್ರವಾಸಿಗರ ಭಕ್ತಿಯ ಕಥೆ ಬೇರೆ. ಒಂದನೇ ನಂಬರಿನ ಸ್ಮಶಾನದಲ್ಲಿ ವೂಡೂ ವಿದ್ಯೆಯ ರಾಣಿಯೆಂದು ಹೆಸರಾದ, 1881ರಲ್ಲಿ ತೀರಿಕೊಂಡ ಮರಿ ಲಾವೊಳದೆಂದು ಹೇಳುವ ಗೋರಿಯಿದೆ. ಅದರ ಮೇಲೆ ಮೂರು ‘X’ ಗುರುತು ಗೀಚಿದರೆ ಹರಕೆ ಈಡೇರುತ್ತದಂತೆ. ಯಾರು ಹುಟ್ಟಿಸಿದ ನಂಬಿಕೆಯೋ, ಗೋರಿ ತುಂಬ ಗೀಚಿದ ಗುರುತುಗಳಿದ್ದವು. 2013ರ ಕೊನೆಯಲ್ಲಿ ಯಾರೋ ರಾತ್ರೋರಾತ್ರಿ ಇಡೀ ಗೋರಿಗೆ ಗುಲಾಬಿ ಬಣ್ಣದ ಲೇಟೆಕ್ಸ್ ಪೇಂಟು ಬಳಿದುಹೋದರು. ನೀರಿನ ರಭಸದಲ್ಲಿ ಅದನ್ನು ತೊಳೆಯಲು ಹೊರಟಾಗ, ಹಳೆಯ ಗಾರೆಯೇ ಕಿತ್ತುಬರುತ್ತದೆಂದು ಸಂರಕ್ಷಕರು ಕೂಗೆಬ್ಬಿಸಿ ನಿಲ್ಲಿಸಿದರು; ಪೇಂಟನ್ನು ಬಿಡಿಸಿ ಗೋರಿಯನ್ನು ಮೊದಲಿನಂತೆ ಮಾಡುವ ಹೊತ್ತಿಗೆ ಮರುವರ್ಷದ ಅಕ್ಟೋಬರ್ ಬಂದಿತ್ತು. 2015ರ ಮಾರ್ಚಿನಿಂದ ಆ ಸ್ಮಶಾನಕ್ಕೆ ಪರವಾನಗಿ ಇರುವ ಮಾರ್ಗದರ್ಶಿಯಿಲ್ಲದೆ ಪ್ರವೇಶವಿಲ್ಲ. ಅಲ್ಲಿ ಗೋರಿ ಇರುವ ಮನೆತನದವರು ಮಾತ್ರ ಬೇರೆ ಪಾಸು ಪಡೆದು ಹೋಗಬಹುದು. ಗೋರಿಗಳಿಗೆ ಇದರಿಂದ ಒಳ್ಳೆಯದೇ ಆಯಿತೆನ್ನಬೇಕು. ಆದರೂ ಗಂಬೊ ಸಾರು ಮಾರುತ್ತಿದ್ದ ಗೇಟಿನಲ್ಲಿ ಟಿಕೆಟ್ಟು ತೋರಿಸಬೇಕಾಗಿ ಬಂದದ್ದು ನನಗೇನೋ ಪಿಚ್ಚೆನಿಸುತ್ತದೆ.

ಪಾಂಚಾರ್ಟ್ರೇನ್ ಸರೋವರದ ಆಚೆ ದಡದ ಲಕೋಂಬ್ ಎಂಬ ಸಣ್ಣ ಊರಿನಲ್ಲಿ ಟಿಕೆಟ್ಟಿಲ್ಲ. ಅಲ್ಲಿನ ಕ್ರಿಯೋಲ್ ಕುಟುಂಬಗಳು ಹಬ್ಬದ ಮುಂಚೆ ತಮ್ಮ ತಮ್ಮ ಗೋರಿ ತೊಳೆದು ಸುಣ್ಣ ಬಳಿಯುತ್ತವೆ. ನವೆಂಬರ್ ಒಂದರ ಸಂಜೆ ಪಾದ್ರಿ ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಹೋಗಿ ಆಶೀರ್ವದಿಸುತ್ತಾರೆ. ಗೋರಿಗಳ ಮೇಲೆ ಸಾಲು ಸಾಲು ಮೇಣದಬತ್ತಿ ಉರಿಯುತ್ತವೆ. ಮಂಗಳೂರಿನ ಕಡೆಯ ಕ್ಯಾಥೊಲಿಕರು ಮರುದಿನ, ನವೆಂಬರ್ ಎರಡರಂದು, ಇಗರ್ಜಿಯ ಸ್ಮಶಾನದಲ್ಲಿ ಹೂವಿಟ್ಟು ಬತ್ತಿ ಹಚ್ಚುವುದನ್ನು ಕಂಡವರಿಗೆ ಈ ನೋಟ ಹೊಸದೆನಿಸದು.

ನನ್ನ ಲೆಕ್ಕದಲ್ಲಿ ಈ ಸಂಪ್ರದಾಯ ಕೈಯಿಂದ ಕೈಗೆ ದಾಟುತ್ತ ಇನ್ನೂ ಬದುಕಿರುವ ಜಾಗ ನ್ಯೂ ಆರ್ಲಿಯನ್ಸ್‌ನ ಬಡವರ ಸ್ಮಶಾನ ಹೋಲ್ಟ್. 1879ರಲ್ಲಿ ನಗರಾಡಳಿತ ತೆರೆದದ್ದು. ಇಲ್ಲಿ ಗುಡಿಗೋರಿಯಿಲ್ಲ, ಅಮೃತಶಿಲೆ ಅಪರೂಪ. ಹೆಣವನ್ನು ಮಣ್ಣಿನಲ್ಲೇ ಹೂಳುತ್ತಾರೆ. ನೀರು ಪೆಟ್ಟಿಗೆಯನ್ನು ತೇಲಿಸುತ್ತದೆಂಬ ಕಥೆಗೆ ಹೋಲ್ಟ್ ಸಾಕಷ್ಟು ಉತ್ತರ. ಮರದ ಹಲಗೆಗೆ ಕೈಯಾರೆ ಹೆಸರು ಬರೆದು ನೆಡುತ್ತಾರೆ, ಮರದ ತುಂಡಿನಿಂದಲೋ ಪೈಪಿನಿಂದಲೋ ಸುತ್ತ ಕಟ್ಟು ಹಾಕುತ್ತಾರೆ, ಗೊಂಬೆ, ಮಣಿಸರ ಇಡುತ್ತಾರೆ. ಜಾಗ ಕೊಂಡದ್ದಲ್ಲ. ಮನೆಯವರು ನೋಡಿಕೊಳ್ಳುತ್ತಿರುವವರೆಗೆ ಅದು ಅವರದು. ನೋಡುವವರಿಲ್ಲವಾದರೆ ಅದೇ ಗುಂಡಿಯಲ್ಲಿ ಇನ್ನೊಬ್ಬರು. ಹಾಗಾಗಿ ಇಲ್ಲಿ ಕಳೆ ಕೀಳಲು ಬರುವವರು ಸ್ವಯಂಸೇವಕರಲ್ಲ, ಮಕ್ಕಳು, ಮೊಮ್ಮಕ್ಕಳು. ಜಾಝ್ ಸಂಗೀತದ ಆದಿಪುರುಷನೆಂದು ಹಲವರು ಕರೆಯುವ ಕಾರ್ನೆಟ್ ವಾದಕ ಬಡ್ಡಿ ಬೋಲ್ಡನ್ 1931ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಅವನನ್ನು ಹೂತದ್ದು ಇಲ್ಲೇ. ಅವನ ಗುಂಡಿ ಯಾವುದೆಂಬ ಗುರುತು ಉಳಿಯಲಿಲ್ಲ. 1990ರ ದಶಕದಲ್ಲಿ ಅಭಿಮಾನಿಗಳು ಅವನ ಹೆಸರಿನದೊಂದು ಕಲ್ಲನ್ನು, ಇಂಥ ಕಡೆ ಎಂದು ಗೊತ್ತಿಲ್ಲದೆಯೇ, ಸ್ಮಶಾನದೊಳಗೆ ನಿಲ್ಲಿಸಿದರು.