ಇಲಿಯ ಗಮನಶಕ್ತಿ ಮತ್ತು ಔಷಧೋದ್ಯಮದ ಹೂಡಿಕೆ

ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗಕ್ಕೆ ಔಷಧಗಳಿಲ್ಲವೆಂದಲ್ಲ. 1952ರಲ್ಲಿ ಪ್ಯಾರಿಸ್ ನಗರದ ವೈದ್ಯರು ಕ್ಲೋರ್‌ಪ್ರೊಮಜಿನ್ ನೀಡಿ ಫಲ ಕಂಡ ನಂತರ ಹತ್ತಾರು ಔಷಧಗಳು ಮಾರುಕಟ್ಟೆಗೆ ಬಂದಿವೆ. ಇಲ್ಲದ ದನಿ ಕೇಳಿಸುವುದು, ಆಧಾರವಿಲ್ಲದ ಸಂಶಯ ಮುಂತಾದ ಲಕ್ಷಣಗಳನ್ನು ಇವು ತಗ್ಗಿಸುತ್ತವೆ. ಆದರೆ ಗಮನ, ನೆನಪು, ಯೋಜನಾಶಕ್ತಿಗಳಲ್ಲಿ ಉಂಟಾದ ಕುಂದು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಚೇತರಿಸಿಕೊಂಡ ರೋಗಿಯು ಮರಳಿ ದುಡಿಮೆಗೆ ತೊಡಗಲು ದೊಡ್ಡ ಅಡ್ಡಿಯೇ ಈ ಕುಂದು.

ಈ ಕೊರತೆಯನ್ನು ಅಳೆಯುವ ಒಮ್ಮತದ ವಿಧಾನವನ್ನು ರೂಪಿಸಲು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯು 2000ದ ದಶಕದಲ್ಲಿ ‘ಮ್ಯಾಟ್ರಿಕ್ಸ್’ ಯೋಜನೆಯನ್ನು ಕೈಗೊಂಡಿತು. ಅದು ಗುರುತಿಸಿದ ಏಳು ಸಾಮರ್ಥ್ಯಗಳಲ್ಲಿ ಗಮನಶಕ್ತಿಯೂ ಒಂದು. ಹೊಸ ಔಷಧವು ರೋಗಿಯನ್ನು ತಲುಪುವ ಮುನ್ನ ಈ ಶಕ್ತಿಯನ್ನು ಪ್ರಾಣಿಗಳಲ್ಲಿ ಪರೀಕ್ಷಿಸುವುದು ವಾಡಿಕೆ.

ಐದು ಕಿಂಡಿಗಳ ಪರೀಕ್ಷೆ

ಇವುಗಳಲ್ಲಿ ಹೆಸರುವಾಸಿಯಾದುದು 1980ರ ದಶಕದ ಆರಂಭದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಟ್ರೆವರ್ ರಾಬಿನ್ಸ್ ಮತ್ತು ಸಂಗಡಿಗರು ರೂಪಿಸಿದ ಪರೀಕ್ಷೆ. ಪೆಟ್ಟಿಗೆಯ ಒಂದು ಗೋಡೆಯಲ್ಲಿ ಐದು ಕಿಂಡಿಗಳಿರುತ್ತವೆ. ಯಾವುದಾದರೊಂದರಲ್ಲಿ ಅರ್ಧ ಸೆಕೆಂಡಿನಷ್ಟು ಕಾಲ ದೀಪ ಬೆಳಗುತ್ತದೆ. ಇಲಿಯು ಅದೇ ಕಿಂಡಿಗೆ ಮೂತಿ ತೂರಿಸಿದರೆ ತಿನಿಸು ದೊರೆಯುತ್ತದೆ. ತರಬೇತಿಗೆ ವಾರಗಟ್ಟಲೆ ಹಿಡಿಯುತ್ತದೆ. ತರುವಾಯ ಕೆಟಮಿನ್ ಅಥವಾ ಫೆನ್‌ಸೈಕ್ಲಿಡಿನ್ ನೀಡಿ ಗಮನವನ್ನು ಕದಡಲಾಗುತ್ತದೆ. ಇವು ಮಿದುಳಿನ ಗ್ಲುಟಮೇಟ್ ವ್ಯವಸ್ಥೆಯ ಒಂದು ಗ್ರಾಹಕವನ್ನು ತಡೆಯುತ್ತವೆ. ಆರೋಗ್ಯವಂತ ಮನುಷ್ಯರಲ್ಲಿಯೂ ರೋಗವನ್ನು ಹೋಲುವ ಲಕ್ಷಣಗಳನ್ನು ತರುತ್ತವೆ. ಹೊಸ ಔಷಧವು ಈ ಕದಡಿಕೆಯನ್ನು ಸರಿಪಡಿಸುವುದೇ ಎಂಬುದು ಪ್ರಶ್ನೆ.

ಉತ್ತರವನ್ನು ಒಂದೇ ಅಂಕಿಯಲ್ಲಿ ಓದಲಾಗದು. ತಪ್ಪು ಕಿಂಡಿಯ ಆಯ್ಕೆ ಗಮನದ ಕೊರತೆಯನ್ನೂ, ದೀಪ ಬೆಳಗುವ ಮೊದಲೇ ಮೂತಿ ತೂರಿಸುವುದು ಆತುರವನ್ನೂ ಸೂಚಿಸುತ್ತವೆ. ಸುಮ್ಮನಿರುವುದು ಗಮನ ತಪ್ಪಿದುದರಿಂದಲೂ ಆಗಬಹುದು, ಮಂಪರು ಅಥವಾ ಹಸಿವಿಲ್ಲದಿರುವಿಕೆಯಿಂದಲೂ ಆಗಬಹುದು. ಇಲಿಯನ್ನು ಮಂಕಾಗಿಸುವ ಔಷಧವು ಆತುರವನ್ನು ತಗ್ಗಿಸಿದಾಗ ಅದನ್ನು ಗಮನದ ಸುಧಾರಣೆಯೆಂದು ಭ್ರಮಿಸುವ ಅಪಾಯವಿದೆ.

ಕೊನೆಯ ಹಂತದಲ್ಲಿ ಎಡವಿದವರು

ಪ್ರಾಣಿಗಳಲ್ಲಿ ಭರವಸೆ ಮೂಡಿಸಿದ ಔಷಧಗಳು ಮನುಷ್ಯರಲ್ಲಿ ಸೋತ ನಿದರ್ಶನಗಳು ಕಡಿಮೆಯಲ್ಲ. ಇಲಿಗಳ ನೆನಪಿನ ಪರೀಕ್ಷೆಯಲ್ಲಿ ಉತ್ತಮ ಫಲ ನೀಡಿದ್ದ ಎನ್‌ಸೆನಿಕ್ಲಿನ್, ಸ್ಕಿಜೋಫ್ರೇನಿಯಾ ರೋಗಿಗಳ ಮೂರನೆಯ ಹಂತದ ಪರೀಕ್ಷೆಗಳಲ್ಲಿ ವಿಫಲವಾದುದು 2016ರಲ್ಲಿ ಪ್ರಕಟವಾಯಿತು. ಅದರ ತಯಾರಕರಾದ ಫೋರಂ ಫಾರ್ಮಸ್ಯೂಟಿಕಲ್ಸ್ ಸಂಸ್ಥೆ ಅದೇ ವರ್ಷ ಬಾಗಿಲು ಹಾಕಿತು. ಬೋರಿಂಗರ್ ಇಂಗೆಲ್‌ಹೈಮ್ ಕಂಪನಿಯ ಐಕ್ಲೆಪರ್ಟಿನ್ ಸಹ ಇದೇ ಹಂತದಲ್ಲಿ ಗುರಿ ಮುಟ್ಟಲಿಲ್ಲವೆಂದು 2025ರ ಜನವರಿಯಲ್ಲಿ ತಿಳಿದುಬಂದಿತು. ಒಂದು ಮದ್ದಿನಿಂದ ಕೆಲಹೊತ್ತು ಕದಡಿದ ಇಲಿಯ ಮಿದುಳು, ವರ್ಷಗಟ್ಟಲೆ ಬೆಳೆದ ರೋಗಕ್ಕೆ ಸಮನಲ್ಲವೆಂಬುದನ್ನು ಇಂತಹ ಸೋಲುಗಳು ನೆನಪಿಸುತ್ತವೆ.

ಹಾಗೆಂದು ಈ ಪರೀಕ್ಷೆ ನಿರುಪಯುಕ್ತವಲ್ಲ. ಅದು ಜರಡಿಯೇ ಹೊರತು ಭವಿಷ್ಯವಾಣಿಯಲ್ಲ. ಅಂತರವನ್ನು ಕಿರಿದುಗೊಳಿಸುವ ಯತ್ನವೂ ನಡೆದಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದ ಸಂಶೋಧಕರು ಐದೂ ದೀಪಗಳು ಒಟ್ಟಿಗೆ ಬೆಳಗಿದಾಗ ಸುಮ್ಮನಿರಬೇಕೆಂಬ ನಿಯಮವನ್ನು ಸೇರಿಸಿ, ಸುಂಡಿಲಿಗೂ ಮನುಷ್ಯರಿಗೂ ಹೊಂದುವ ಪರೀಕ್ಷೆಯನ್ನು ರೂಪಿಸಿದ್ದಾರೆ.

ಉದ್ಯಮಿಗಳು ಕೇಳಬೇಕಾದುದು

ಭಾರತದ ಪ್ರಯೋಗಾಲಯವೊಂದು ಇಂತಹ ಕೆಲಸವನ್ನು ಗುತ್ತಿಗೆಗೆ ಪಡೆದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಹಾಗೂ 1998ರ ನಿಯಮಗಳನ್ವಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆಯಬೇಕಾಗುತ್ತದೆ. ಹಣ ಹೂಡುವವರು ಒಪ್ಪಿಗೆಪತ್ರದೊಡನೆ ಮೂರು ವಿಷಯಗಳನ್ನು ವಿಚಾರಿಸುವುದು ಲೇಸು: ಮಂಪರಿನ ಪ್ರಭಾವವನ್ನು ಪ್ರತ್ಯೇಕಿಸಲಾಗಿದೆಯೆ? ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕದಡಿದ ಗಮನದ ಮೇಲೂ ಔಷಧ ಫಲ ನೀಡಿದೆಯೆ? ಇದೇ ಅಳತೆಯನ್ನು ರೋಗಿಗಳಲ್ಲಿಯೂ ಬಳಸಲಾಗುವುದೆ? ಈ ಪ್ರಶ್ನೆಗಳಿಗೆ ಮೊದಲೇ ಉತ್ತರ ದೊರೆತರೆ ಬಂಡವಾಳವಷ್ಟೇ ಅಲ್ಲ, ಪರೀಕ್ಷೆಗೆ ಒಪ್ಪಿ ಬರುವ ರೋಗಿಗಳ ವರ್ಷಗಳೂ ಉಳಿಯುತ್ತವೆ.