ಯಾವ ಆಂಟಿವೈರಸ್ ಹಾಕಿಸೋಣ?

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಷ್ಟೋ ಮನೆಗಳಲ್ಲಿ ಕಂಪ್ಯೂಟರ್ ಆನ್ ಮಾಡಿದವರಿಗೆ ಗುರುತಿಲ್ಲದ ಐಕಾನ್ ಒಂದು ಕಾಣಿಸಿತು. ಅಷ್ಟು ದಿನ ಇದ್ದ ಕ್ಯಾಸ್ಪರ್‌ಸ್ಕಿ ಆಂಟಿವೈರಸ್ ಮಾಯವಾಗಿತ್ತು. ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ, ಬಹಳ ಜನ ಹೆಸರೇ ಕೇಳಿರದ ತಂತ್ರಾಂಶ ಬಂದು ಕೂತಿತ್ತು. ವೈರಸ್ಸೇ ಹೊಕ್ಕಿತೇನೋ ಎಂದು ಗಾಬರಿಬಿದ್ದವರೂ ಇದ್ದರು. ಆಗಿದ್ದು ಬೇರೆ. ರಷ್ಯಾ ಮೂಲದ ಕ್ಯಾಸ್ಪರ್‌ಸ್ಕಿಯನ್ನು ಅಮೆರಿಕ ಸರ್ಕಾರ ಆ ವರ್ಷ ಜೂನ್‌ನಲ್ಲಿ ನಿಷೇಧಿಸಿತ್ತು. ಸೆಪ್ಟೆಂಬರ್ 29ರ ನಂತರ ಅಲ್ಲಿನವರಿಗೆ ಅಪ್‌ಡೇಟ್ ಕೊಡುವಂತಿರಲಿಲ್ಲ. ಕಂಪನಿ ತನ್ನ ಗಿರಾಕಿಗಳನ್ನು ಇನ್ನೊಂದು ಕಂಪನಿಗೆ ಒಪ್ಪಿಸಿ, ತನ್ನ ತಂತ್ರಾಂಶವನ್ನು ತಾನೇ ತೆಗೆದು, ಹೊಸದನ್ನು ಹಾಕಿ ಹೋಗಿತ್ತು. ಬದಲಾವಣೆಯ ಬಗ್ಗೆ ಇಮೇಲ್ ಕಳಿಸಿತ್ತು, ನಿಜ. ಆದರೆ ಹೀಗೆ ತಾನಾಗಿಯೇ ಹೊಸದು ಬಂದು ಕೂರುತ್ತದೆಂದು ಬಹಳ ಜನ ಎಣಿಸಿರಲಿಲ್ಲ.

ಇಷ್ಟು ಅಧಿಕಾರ ಅದಕ್ಕೆ ಬಂದದ್ದು ಎಲ್ಲಿಂದ? ಹಾಕಿಸಿಕೊಳ್ಳುವಾಗ ‘ಒಪ್ಪಿಗೆ’ ಒತ್ತಿದ ಕ್ಷಣದಲ್ಲೇ. ಆಂಟಿವೈರಸ್ ಕೆಲಸ ಮಾಡಬೇಕೆಂದರೆ ಕಂಪ್ಯೂಟರಿನ ಒಳಗಿನ ಆಳಕ್ಕೆ ಇಳಿಯಲೇಬೇಕು. ತೆರೆಯುವ ಪ್ರತಿ ಕಡತವನ್ನೂ ಮೊದಲು ಅದು ನೋಡುತ್ತದೆ, ಬೇಡವೆನಿಸಿದ್ದನ್ನು ಅಳಿಸುತ್ತದೆ, ತನ್ನ ಕಂಪನಿಯಿಂದ ಬಂದದ್ದನ್ನು ಕೇಳದೆಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಇದಕ್ಕಿರುವಷ್ಟು ಸಲುಗೆ ಬೇರೆ ಯಾವ ಖಾಸಗಿ ತಂತ್ರಾಂಶಕ್ಕೂ ಸಾಮಾನ್ಯವಾಗಿ ಇರುವುದಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹೊಸ ಕಂಪ್ಯೂಟರ್ ಕೊಳ್ಳುವವರು ಕೇಳುವ ಪ್ರಶ್ನೆ ಮಾತ್ರ ಬೇರೆ: ಯಾವುದು ಹೆಚ್ಚು ವೈರಸ್ ಹಿಡಿಯುತ್ತೆ?

ಹಿಡಿಯುವ ಬಗೆ ಮೂಲದಲ್ಲಿ ಸರಳ. ಸಿಕ್ಕಿಬಿದ್ದ ಪ್ರತಿ ವೈರಸ್ಸಿನ ಗುರುತನ್ನು ಕಂಪನಿ ಪಟ್ಟಿ ಮಾಡಿಡುತ್ತದೆ, ನಿಮ್ಮ ಕಡತವನ್ನು ಆ ಪಟ್ಟಿಗೆ ಹೋಲಿಸುತ್ತದೆ. ಪೊಲೀಸ್ ಠಾಣೆಯ ಗೋಡೆಗೆ ಕಳ್ಳರ ಫೋಟೊ ಅಂಟಿಸಿದ ಹಾಗೆ. ಮೀಸೆ ಬೋಳಿಸಿಕೊಂಡು ಬಂದವನು ದಾಟಿಹೋಗುತ್ತಾನೆ. ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4.5 ಲಕ್ಷಕ್ಕೂ ಹೆಚ್ಚು ಹೊಸ ಕುತಂತ್ರಾಂಶಗಳನ್ನು ದಾಖಲಿಸುತ್ತದೆ. ಹಾಗಾಗಿ ಬರೀ ಪಟ್ಟಿ ನಂಬಿ ಕೂರುವಂತಿಲ್ಲ. ಇಂದಿನ ಆಂಟಿವೈರಸ್‌ಗಳು ನಡವಳಿಕೆಯನ್ನೂ ಗಮನಿಸುತ್ತವೆ: ನಿನ್ನೆ ಡೌನ್‌ಲೋಡ್ ಆದ ಪ್ರೋಗ್ರಾಂ ಒಂದು ಇದ್ದಕ್ಕಿದ್ದಂತೆ ಸಾವಿರಾರು ಫೋಟೊಗಳನ್ನು ತಿದ್ದಲು ಹೊರಟರೆ ತಡೆಯುತ್ತವೆ. ಅನುಮಾನ ಬಂದರೆ ಕಂಪನಿಯ ಸರ್ವರ್‌ಗೆ ಕಳಿಸಿ ವಿಚಾರಿಸುತ್ತವೆ.

ಅನುಮಾನ ಅತಿಯಾದರೂ ಕಷ್ಟವೇ. 2010ರ ಏಪ್ರಿಲ್ 21ರಂದು ಮೆಕಾಫಿ ಹೊರಬಿಟ್ಟ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವನ್ನೇ ವೈರಸ್ ಎಂದು ಹಿಡಿದು ಹಾಕಿತು. ಕಂಪ್ಯೂಟರ್‌ಗಳು ಮತ್ತೆ ಮತ್ತೆ ತಾವಾಗಿ ಆಫ್ ಆಗಿ ಆನ್ ಆಗತೊಡಗಿದವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಕಚೇರಿಗಳಿಗೆ ಮಾರುವ ತಂತ್ರಾಂಶ, ಮನೆಗಳಿಗೆ ತಟ್ಟಲಿಲ್ಲ. ಆದರೆ ಎರಡೂ ಕಡೆ ತಂತ್ರಾಂಶಕ್ಕೆ ಸಿಗುವ ಒಳಪ್ರವೇಶ ಒಂದೇ ಬಗೆಯದು.

ನೂರಕ್ಕೆ ನೂರು ಎಂಬ ಜಾಹೀರಾತಿನ ಬಗ್ಗೆಯೂ ಒಂದು ಮಾತು. ಒಂದು ಪ್ರೋಗ್ರಾಂ ವೈರಸ್ಸೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ತಪ್ಪದೆ ಹೇಳಬಲ್ಲ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು ಅಮೆರಿಕದ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದಿಂದ ಸಾಧಿಸಿ ತೋರಿಸಿದ್ದಾರೆ.

ಹೋಲಿಸಿ ನೋಡಬೇಕೆಂದರೆ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್‌ನಂಥ ಪ್ರಯೋಗಾಲಯಗಳ ವರದಿಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ, ಸುಳ್ಳು ಎಚ್ಚರಿಕೆ ಕೊಡದಿರುವಿಕೆ ಎಂಬ ಮೂರಕ್ಕೂ ತಲಾ ಆರರಂತೆ ಒಟ್ಟು 18 ಅಂಕ ಇಟ್ಟಿದೆ. ಹೆಸರಾಂತ ಕಂಪನಿಗಳಲ್ಲಿ ಬಹುತೇಕವು ಪೂರ್ಣ ಅಂಕದ ಆಸುಪಾಸಿನಲ್ಲೇ ಇರುತ್ತವೆ. ಅರ್ಧ ಅಂಕದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವ ಬದಲು, ಕಂಪನಿ ಎಂಥದ್ದು ಎಂದು ನೋಡುವುದು ಮೇಲು.

ಅವಾಸ್ಟ್ ಕಥೆ ನೋಡಿ. ಕೋಟ್ಯಂತರ ಜನ ಬಳಸುತ್ತಿದ್ದ ಉಚಿತ ಆಂಟಿವೈರಸ್ ಅದು. ಬಳಕೆದಾರರು ಯಾವ ಯಾವ ಜಾಲತಾಣಕ್ಕೆ ಹೋಗುತ್ತಾರೆಂಬ ವಿವರ ಕೂಡಿಹಾಕಿ, ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಅದನ್ನು ಮಾರುತ್ತಿದ್ದದ್ದು 2020ರ ಜನವರಿಯಲ್ಲಿ ಪತ್ರಕರ್ತರಿಂದ ಬಯಲಾಯಿತು. ನಿಮ್ಮ ಬೆನ್ನು ಹತ್ತುವವರನ್ನು ತಡೆಯುತ್ತೇವೆ ಎಂದು ಹೇಳಿಕೊಂಡಿದ್ದ ಕಂಪನಿಯೇ ಹೀಗೆ ಮಾಡಿತ್ತು! ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಅಂದಹಾಗೆ ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ನಾಲ್ಕೂ ಈಗ ಜೆನ್ ಡಿಜಿಟಲ್ ಎಂಬ ಒಂದೇ ಕಂಪನಿಯ ಕೈಯಲ್ಲಿವೆ. ನಮ್ಮ ದೇಶದ್ದೇ ಬೇಕೆನ್ನುವವರಿಗೆ ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಇವೆ.

ಹಾಗಾದರೆ ದುಡ್ಡು ಕೊಟ್ಟು ಕೊಳ್ಳಲೇಬೇಕೇ? ವಿಂಡೋಸ್ 10 ಅಥವಾ 11 ಇರುವ ಬಹುತೇಕ ಮನೆಗಳಿಗೆ ಬೇಕಿಲ್ಲ. ಅದರೊಳಗೇ ಡಿಫೆಂಡರ್ ಇದೆ. ಒಂದು ಕಾಲದಲ್ಲಿ ಪರೀಕ್ಷೆಗಳಲ್ಲಿ ಕೊನೆಯ ಸಾಲಿನಲ್ಲಿದ್ದ ಅದು ಈಗ 18ಕ್ಕೆ 18 ಪಡೆದದ್ದೂ ಉಂಟು. ಕೊರತೆ ಇಲ್ಲವೆಂದಲ್ಲ: ಇಂಟರ್‌ನೆಟ್ ಇಲ್ಲದಾಗ ಅದರ ಪತ್ತೆ ಶಕ್ತಿ ತಗ್ಗುತ್ತದೆ. ನೆಟ್ ಸರಿಯಾಗಿ ಸಿಗದ ಊರಿನಲ್ಲಿ ದಿನಕ್ಕೆ ಹತ್ತು ಪೆನ್‌ಡ್ರೈವ್ ಚುಚ್ಚುವ ಜೆರಾಕ್ಸ್ ಅಂಗಡಿಗೆ, ಆಫ್‌ಲೈನ್ ಪರೀಕ್ಷೆಯಲ್ಲೂ ಚೆನ್ನಾಗಿ ಮಾಡಿದ ಬೇರೊಂದನ್ನು ಕೊಳ್ಳುವುದು ಜಾಣತನ. ಫೋಲ್ಡರ್‌ಗಳನ್ನು ಅಡಗಿಸಿ ಅದೇ ಹೆಸರಿನ ಶಾರ್ಟ್‌ಕಟ್ ತೋರಿಸುವ ‘ಶಾರ್ಟ್‌ಕಟ್ ವೈರಸ್’ ಊರೆಲ್ಲ ಸುತ್ತುವುದು ಇಂಥ ಅಂಗಡಿಗಳ ಮೂಲಕವೇ.

ಹೊಸ ಲ್ಯಾಪ್‌ಟಾಪ್‌ನಲ್ಲಿ ಕೆಲವು ದಿನಕ್ಕೆಂದು ಪುಕ್ಕಟೆ ಬರುವ ಆಂಟಿವೈರಸ್ ಬೇರೆಯೇ ಕಿರಿಕಿರಿ. ಅದು ಇರುವಾಗ ಡಿಫೆಂಡರ್ ಹಿಂದೆ ಸರಿದಿರುತ್ತದೆ. ಅವಧಿ ಮುಗಿದ ಮೇಲೂ ‘ನವೀಕರಿಸಿ’ ಎಂದು ಪೀಡಿಸುತ್ತ ಕೂತಿದ್ದರೆ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಬೇಕು. ಎರಡೆರಡು ಆಂಟಿವೈರಸ್ ಹಾಕಿದರೆ ರಕ್ಷಣೆ ಇಮ್ಮಡಿಯಾಗುವುದಿಲ್ಲ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತದೆ, ಕಂಪ್ಯೂಟರ್ ತೆವಳುತ್ತದೆ.

ಯಾವ ಕಂಪನಿಯ ಆಂಟಿವೈರಸ್ಸೂ ಕೈಚೆಲ್ಲುವ ಜಾಗ ಒಂದಿದೆ: ಕ್ರ್ಯಾಕ್ ಮಾಡಿದ, ಅಂದರೆ ಪರವಾನಗಿ ಇಲ್ಲದೆ ಓಡುವಂತೆ ತಿದ್ದಿದ ತಂತ್ರಾಂಶ. ಮನೆಗಳನ್ನೇ ಹೆಚ್ಚಾಗಿ ಕಾಡಿದ ಸ್ಟಾಪ್-ಡಿಜೆವಿಯು ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಹರಡಿದ್ದು ಮುಖ್ಯವಾಗಿ ಇಂಥ ಕ್ರ್ಯಾಕ್‌ಗಳ ಬೆನ್ನೇರಿಯೇ. ಹಾಕುವ ವಿಧಾನದ ಮೊದಲ ಸಾಲಿನಲ್ಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ, ಜನ ಮಾಡುತ್ತಾರೆ. ಮದುವೆ ಫೋಟೊಗಳಿಂದ ಮಗಳ ಪ್ರಾಜೆಕ್ಟ್‌ವರೆಗೆ ಎಲ್ಲಕ್ಕೂ ಬೀಗ ಬೀಳುತ್ತದೆ. ಬೇಡಿಕೆ ಸಾಮಾನ್ಯವಾಗಿ 980 ಡಾಲರ್ ಇರುತ್ತಿತ್ತು, 72 ಗಂಟೆಯೊಳಗೆ ಕೊಟ್ಟರೆ ಅರ್ಧ. ಹಳೆಯ ತಳಿಗಳಿಗೆ 2019ರಲ್ಲಿ ಎಮ್ಸಿಸಾಫ್ಟ್ ಎಂಬ ಭದ್ರತಾ ಕಂಪನಿ ಬೀಗ ತೆಗೆಯುವ ಉಚಿತ ಸಾಧನ ಕೊಟ್ಟಿತು. ನಂತರದ ಬಹುತೇಕ ತಳಿಗಳ ಬೀಗ ತೆಗೆಯಲು ಅದರಿಂದ ಆಗುವುದಿಲ್ಲ.

ಇನ್ನೊಂದು ಜಾಗ ವಿಂಡೋಸ್‌ನಲ್ಲೇ ಇರುವ ತೂತು. 2017ರ ಮೇ 12ರಂದು ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಸುಮಾರು 150 ದೇಶಗಳಿಗೆ ಹಬ್ಬಿತು. ಅದು ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ ತೇಪೆ ಕೊಟ್ಟಿತ್ತು. ಅಪ್‌ಡೇಟ್ ಮಾಡಿಕೊಂಡಿದ್ದ ಯಂತ್ರಗಳೊಳಕ್ಕೆ ಆ ದಾರಿಯಲ್ಲಿ ಅದು ಬರಲಾಗಲಿಲ್ಲ. ವಿಂಡೋಸ್ 10ಕ್ಕೆ ಇಂಥ ತೇಪೆಗಳ ಸಾಮಾನ್ಯ ಪೂರೈಕೆ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಅದನ್ನೇ ಬಳಸುವವರು ಮೈಕ್ರೋಸಾಫ್ಟ್‌ನ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಗೆ ಹೆಸರು ನೋಂದಾಯಿಸಬೇಕಾಗುತ್ತದೆ. ಇವೆಲ್ಲ ಕೈಕೊಟ್ಟಾಗ ನೆರವಿಗೆ ಬರುವುದು ಫೋಟೊಗಳ ಇನ್ನೊಂದು ಪ್ರತಿ. ಅದನ್ನು ಬೇರೆ ಹಾರ್ಡ್‌ಡಿಸ್ಕಿಗೆ ತುಂಬಿಸಿದವರು, ಕೆಲಸ ಮುಗಿದ ಕೂಡಲೇ ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತಿಡಬೇಕು. ಚುಚ್ಚಿಯೇ ಬಿಟ್ಟಿದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ.